ಕುಬಾಲಾ ಹೊಗಳಿದ ಸಿನಿಮಾ

ಯಾವೊರ್ನಾ ಊರಿನ ಜನ ಗುರುವಾರ ಬಂತೆಂದರೆ ಜಿಲ್ಲಾ ವಾರಪತ್ರಿಕೆಯನ್ನು ಹಿಂದಿನ ಪುಟದಿಂದ ಬಿಚ್ಚುತ್ತಿದ್ದರು. ಮೊದಲ ಪುಟದಲ್ಲಿ ಇರುವುದು ಬೀಟ್‌ರೂಟ್ ಬೆಳೆಯ ಸಾಧನೆ ಮತ್ತು ಯಾರೋ ಕಾಮ್ರೇಡರು ಯಾರಿಗೋ ಹೂಗುಚ್ಛ ಕೊಟ್ಟ ಚಿತ್ರ. ಅದನ್ನು ಮುದ್ರಿಸಿದವರೂ ಓದುತ್ತಿರಲಿಲ್ಲ. ಹಿಂದಿನ ಪುಟದಲ್ಲಿ ಸತ್ತವರ ಪ್ರಕಟಣೆಗಳ ಪಕ್ಕಕ್ಕೆ ಅಲೋಯಿಸ್ ಕುಬಾಲಾನ ಸಿನಿಮಾ ವಿಮರ್ಶೆ. ಅದನ್ನು ಮಾತ್ರ ಒಂದಕ್ಷರ ಬಿಡದೆ ಓದುತ್ತಿದ್ದರು. ಓದಿ, ಅರ್ಥವನ್ನು ಅಂಗಿಯ ಹಾಗೆ ತಿರುವಿ ಹಾಕಿಕೊಳ್ಳುತ್ತಿದ್ದರು.

ಅರವತ್ತೆಂಟನೆಯ ಇಸವಿಯಲ್ಲಿ ನಮ್ಮ ದೇಶದೊಳಕ್ಕೆ ರಷ್ಯದ ಟ್ಯಾಂಕುಗಳು ಬಂದ ಮೇಲೆ ಶುರುವಾದ ಅಭ್ಯಾಸ ಇದು. ಪತ್ರಿಕೆಯಲ್ಲಿ ಯಾರನ್ನಾದರೂ ಹೀನಾಮಾನ ಬೈದಿದ್ದರೆ ಅವನು ಒಳ್ಳೆಯವನು, ಹೊಗಳಿದ್ದರೆ ಹತ್ತಿರ ಸೇರಿಸಬಾರದವನು ಎಂದು ನಮ್ಮವರು ಯಾರೂ ಹೇಳಿಕೊಡದೆ ಕಲಿತುಬಿಟ್ಟಿದ್ದರು. ಕುಬಾಲಾ ಯಾವುದಾದರೂ ಚಿತ್ರವನ್ನು "ನಮ್ಮ ದುಡಿಯುವ ಜನರಿಗೆ ಅನ್ಯವಾದ, ಹೊಣೆಗೇಡಿ ಕೃತಿ" ಎಂದು ಬರೆದರೆ ಆ ಸಂಜೆಯೇ ಚಿತ್ರಮಂದಿರದ ಮುಂದಿನ ಸಾಲು ಬೇಕರಿಯ ತನಕ ಬೆಳೆಯುತ್ತಿತ್ತು. "ಪ್ರತಿಯೊಬ್ಬರೂ ನೋಡಲೇಬೇಕಾದದ್ದು" ಎಂದು ಬರೆದರೆ ಅಲ್ಲಿ ಇಲಿಗಳೂ ಬೇಸರಪಟ್ಟುಕೊಳ್ಳುತ್ತಿದ್ದವು. ಕ್ಷೌರಿಕ ರೋಸ್ತಿಸ್ಲಾವ್ ಪೀಲಾರ್ಷ್ ಅಂತೂ ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚುತ್ತಾ, "ಈ ವಾರ ನಮ್ಮ ಲೋಯ್ಜಾ ಚೆನ್ನಾಗಿ ಉಗಿದಿದ್ದಾನೆ, ಹೆಂಡ್ತೀನೂ ಕರ್ಕೊಂಡು ಹೋಗು" ಎಂದು ಬಹಿರಂಗವಾಗಿಯೇ ಹೇಳುತ್ತಿದ್ದ. ಊರಿನ ಬಾಯಲ್ಲಿ ಅಲೋಯಿಸ್ ಎಂದರೆ ಲೋಯ್ಜಾ.

ಕುಬಾಲಾನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಬರೆಯುತ್ತಿದ್ದ. ಹಗಲು ಡೇರಿಯಲ್ಲಿ ಗುಮಾಸ್ತಗಿರಿ, ವಾರಕ್ಕೊಂದು ಸಂಜೆ ಈ ಬರವಣಿಗೆ. ಒಳ್ಳೆಯ ಚಿತ್ರ ಬಂದಾಗ ಅದನ್ನು ಎಷ್ಟು ಪ್ರೀತಿಸುತ್ತಿದ್ದನೋ ಅಷ್ಟು ಕೆಟ್ಟದಾಗಿ ಬೈಯುತ್ತಿದ್ದ. ನಲವತ್ತು ದಾಟಿದ, ಹೆಂಡತಿ ಒಸ್ತ್ರಾವಾ ಊರಿನ ಗಣಿ ಎಂಜಿನಿಯರನ ಹಿಂದೆ ಹೊರಟುಹೋದ, ತಾಯಿಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದ ಗಂಡಸಿಗೆ ಇಷ್ಟಾದರೂ ಒಂದು ಗುಟ್ಟಿನ ಹೆಮ್ಮೆ ಬೇಡವೇ? ಊರಿಗೂ ಅವನಿಗೂ ನಡುವೆ ಒಂದು ಒಪ್ಪಂದವಿತ್ತು. ಬಾಯಿಬಿಟ್ಟು ಯಾರೂ ಆಡಿರಲಿಲ್ಲ, ಅಷ್ಟೇ.

ತಾಯಿಗೆ ಮಾತ್ರ ಇದನ್ನು ಹೇಳಿರಲಿಲ್ಲ. ಆನೆಷ್ಕಾ ಕುಬಾಲೋವಾ ಎಪ್ಪತ್ತರ ಅಂಚಿನ ಮುದುಕಿ, ಪತ್ರಿಕೆಯಲ್ಲಿ ಓದುತ್ತಿದ್ದದ್ದು ಸತ್ತವರ ಪ್ರಕಟಣೆ ಮಾತ್ರ. ಮಗನ ಹೆಸರು ಅಚ್ಚಾಗಿರುವುದನ್ನು ಬೆರಳಿನಿಂದ ಸವರಿ ಮಡಚಿಡುತ್ತಿದ್ದಳು. "ಜನ ನಿನ್ನ ಮಾತು ಕೇಳಿ ಸಿನಿಮಾಕ್ಕೆ ಹೋಗ್ತಾರೇನೋ?" ಎಂದು ಒಮ್ಮೆ ಕೇಳಿದಾಗ ಅವನು, "ಹೂಂ ಅಮ್ಮ, ನಾನು ಹೇಳಿದ್ಮೇಲೆ ಮುಗೀತು" ಎಂದಿದ್ದ. ಸುಳ್ಳೂ ಅಲ್ಲ, ನಿಜವೂ ಅಲ್ಲ. ಆ ಕಾಲದಲ್ಲಿ ನಾವೆಲ್ಲ ಆಡುತ್ತಿದ್ದದ್ದು ಅಂಥ ಮಾತನ್ನೇ.

ಈಗ ಆ ಚಿತ್ರದ ವಿಷಯ.

ಯುದ್ಧದ ಕಾಲದಲ್ಲಿ ಕದ್ದು ಹಂದಿ ಕೊಯ್ದರೆ ಜರ್ಮನರು ತಲೆ ತೆಗೆಯುತ್ತಿದ್ದರು. ಆದರೂ ಯಾವೊರ್ನಾದ ಸುತ್ತಲಿನ ಹಳ್ಳಿಗಳಲ್ಲಿ ಕೊಯ್ಯುತ್ತಿದ್ದರು. ಕೊಬ್ಬನ್ನು ಹಳ್ಳಿಯಿಂದ ಊರೊಳಕ್ಕೆ ತರುತ್ತಿದ್ದವನು ಸಿರಿಲ್ ಕುಬಾಲಾ, ಅಲೋಯಿಸನ ಅಪ್ಪ. ಊರಿನ ಬ್ಯಾಂಡಿನಲ್ಲಿ ಅವನದು ದೊಡ್ಡ ಕೊಂಬು, ಮೈಗೆ ಸುತ್ತಿಕೊಂಡು ಊದುವಂಥದ್ದು. ಹಳ್ಳಿಯಲ್ಲಿ ಯಾರದೋ ಶವಯಾತ್ರೆಗೆ ಬಾರಿಸಿ ವಾಪಸು ಬರುವ ಬ್ಯಾಂಡಿನವರನ್ನು ಕಾವಲಿನವನು ತಡೆಯುತ್ತಿರಲಿಲ್ಲ. ಕೊಂಬಿನ ಬಾಯಿಯೊಳಗೆ ಬಟ್ಟೆಯಲ್ಲಿ ಸುತ್ತಿದ ಹಂದಿಕೊಬ್ಬು. ಅದು ಹೋಗುತ್ತಿದ್ದದ್ದು ಗಂಡಸರು ಜೈಲಿನಲ್ಲಿದ್ದ ಮನೆಗಳ ಮಕ್ಕಳ ಬಾಣಲೆಗೆ. ಒಂದು ಸುಡುಬಿಸಿಲಿನ ಮಧ್ಯಾಹ್ನ ಹೀಗೆ ಬರುತ್ತಿದ್ದವರನ್ನು ಚೌಕದಲ್ಲಿ ನಿಲ್ಲಿಸಿ, ಜರ್ಮನ್ ಅಧಿಕಾರಿಯ ಹುಟ್ಟುಹಬ್ಬಕ್ಕೆ ಬಾರಿಸಿ ಎಂದರು. ಕೊಂಬು ಖಾಲಿ ಮಾಡಲು ಬಿಡುವೆಲ್ಲಿ? ಸಿರಿಲ್ ಊದಿದ. ಸಂಗೀತದ ಬದಲು ಹಸು ಕೆಸರಿನಿಂದ ಕಾಲು ಕಿತ್ತ ಸದ್ದು ಬಂತು. ಕರಗಿದ ಕೊಬ್ಬು ಅವನ ಬಿಳಿ ಅಂಗಿಯ ಮೇಲೆ ಇಳಿಯಿತು, ಗುಳ್ಳೆ ಗುಳ್ಳೆಯಾಗಿ ಕೊಂಬಿನ ಬಾಯಿಂದ ಹಾರಿತು. ಚೌಕದಲ್ಲಿದ್ದ ಜನ ನಕ್ಕರು. ತಡೆದುಕೊಳ್ಳಲು ಆಗಲಿಲ್ಲ, ನಕ್ಕರು. ಆ ನಗು ಕೇಳಿಯೇ ಅಧಿಕಾರಿ ತಿರುಗಿ ನೋಡಿದ್ದು. ನಕ್ಕವರಲ್ಲಿ ಹದಿನಾರರ ಹುಡುಗ ಅಲೋಯಿಸನೂ ಇದ್ದ.

ಸಿರಿಲನ ತಲೆ ಹೋಯಿತು, ಬ್ರೆಸ್ಲೌ ಜೈಲಿನಲ್ಲಿ. ಬ್ಯಾಂಡಿನ ಇನ್ನೂ ಮೂವರನ್ನು ಜರ್ಮನರ ಯಾತನಾ ಶಿಬಿರಕ್ಕೆ ಒಯ್ದರು. ವಾಪಸು ಬಂದವನು ಒಬ್ಬನೇ. ಬಾರದ ಇಬ್ಬರಲ್ಲಿ ಕ್ಷೌರಿಕ ರೋಸ್ತಿಸ್ಲಾವನ ಅಣ್ಣನೂ ಒಬ್ಬ. ಸಿರಿಲನ ದೇಹ ಮನೆಗೆ ಬರಲಿಲ್ಲ, ಗೋರಿಯಿಲ್ಲ, ಶವಸಂಸ್ಕಾರವಿಲ್ಲ. ಎಲ್ಲರ ಸಾವಿಗೂ ಬಾರಿಸಿದವನ ಸಾವಿಗೆ ಯಾರೂ ಬಾರಿಸಲಿಲ್ಲ. ನಮ್ಮಲ್ಲಿ ಮಣ್ಣು ಮುಗಿದ ಮೇಲೆ ಮನೆಯವರು ಸಾಲಾಗಿ ನಿಲ್ಲುತ್ತಾರೆ, ಊರವರು ಒಬ್ಬೊಬ್ಬರಾಗಿ ಬಂದು ಕೈ ಹಿಡಿದು ಸಂತಾಪ ಹೇಳಿ ಹೋಗುತ್ತಾರೆ. ಆನೆಷ್ಕಾಳ ಕೈಯನ್ನು ಯಾರೂ ಹಿಡಿಯಲಿಲ್ಲ. ಆಗ ಹಿಡಿಯುವುದು ಅಪಾಯವಾಗಿತ್ತು. ಆಮೇಲೆ ಬಹಳ ತಡವಾಗಿತ್ತು. ಊರು ತನ್ನ ಗಂಡನ ಮೇಲೆ ಸಿಟ್ಟಾಗಿದೆ, ಅವನ ಕೊಂಬಿನಿಂದ ಇನ್ನಿಬ್ಬರು ಸತ್ತರಲ್ಲ ಎಂದು ಆಕೆ ಒಳಗೊಳಗೇ ನಂಬಿಕೊಂಡಳು.

ಇದನ್ನೆಲ್ಲ ಬ್ರನೋದಿಂದ ಬಂದ ಒಬ್ಬ ಎಳೆಯ ನಿರ್ದೇಶಕ ಆನೆಷ್ಕಾಳ ಅಡುಗೆಮನೆಯಲ್ಲಿ ಕೂತು, ಗಸಗಸೆ ಬನ್ನು ತಿನ್ನುತ್ತಾ ಕೇಳಿಸಿಕೊಂಡ. ಹೋಗಿ ಸಿನಿಮಾ ಮಾಡಿದ. ಟ್ಯಾಂಕುಗಳು ಬಂದಿದ್ದರೂ ಸೆನ್ಸಾರಿನ ಕತ್ತರಿ ಹಿಡಿದವರು ಇನ್ನೂ ಬಂದಿರದ ಕೆಲವು ತಿಂಗಳ ಸಂದಿನಲ್ಲಿ ಅದು ಪ್ರಾಗ್‌ನಲ್ಲಿ ತೆರೆಕಂಡಿತು.

ಕುಬಾಲಾ ಒಬ್ಬನೇ ಹೋಗಿ ನೋಡಿಬಂದ, ವಿಮರ್ಶೆಗಳನ್ನೆಲ್ಲ ಕತ್ತರಿಸಿ ತಂದು ತಾಯಿಗೆ ಓದಿದ. ಒಬ್ಬ, "ಸಾವಿನ ಎದುರು ನಗುವ ಹಕ್ಕನ್ನು ಈ ಚಿತ್ರ ನಮಗೆ ಮರಳಿಸಿದೆ" ಎಂದಿದ್ದ. ಶಿಬಿರದಲ್ಲಿ ಇದ್ದು ಬಂದಿದ್ದ ಹಿರಿಯ ವಿಮರ್ಶಕನೊಬ್ಬ, ಹುತಾತ್ಮನ ಅಂಗಿಯ ಮೇಲೆ ಕೊಬ್ಬು ಸುರಿಸಿ ಜನರನ್ನು ನಗಿಸುವುದು ಅಸಹ್ಯ ಎಂದು ಮುಖ ಮುರಿದಿದ್ದ. ಮೂರನೆಯವನದು ಜಾಣ ತಕರಾರು: ಮೊದಲರ್ಧ ವಿಪರೀತ ನಗು, ಎರಡನೆಯ ಅರ್ಧ ವಿಪರೀತ ಭಯ, ಎರಡಕ್ಕೂ ಜೋಡಣೆ ಸಾಲದು.

"ಜೋಡಣೆ ಸಾಲದಂತಾ?" ಆನೆಷ್ಕಾ ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ನಂಗೂ ಆವತ್ತು ಜೋಡಣೆಯಾಗಲಿಲ್ಲಪ್ಪ. ಮಧ್ಯಾಹ್ನ ಎಲ್ಲರೂ ನಗ್ತಿದ್ರು, ಸಾಯಂಕಾಲ ಬಂದು ಎಳ್ಕೊಂಡು ಹೋದ್ರು. ಅವನಿಗೆ ಬರೆದು ಹಾಕು."

ವರ್ಷ ಕಳೆಯುವುದರೊಳಗೆ ಪ್ರಾಗ್‌ನ ದೊಡ್ಡ ದಿನಪತ್ರಿಕೆಯಲ್ಲಿ ನಾಲ್ಕನೆಯ ವಿಮರ್ಶೆ ಬಂತು: ನಮ್ಮ ಪ್ರತಿರೋಧ ಹೋರಾಟದ ಮೇಲೆ ಉಗುಳಿದ ಚಿತ್ರ. ಆಮೇಲೆ ವಿಮರ್ಶೆಗಳು ಬರಲಿಲ್ಲ. ನಿರ್ದೇಶಕ ಯಾವುದೋ ಆಸ್ಪತ್ರೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದಾನೆಂದು ಸುದ್ದಿ ಬಂತು. ಕುಬಾಲಾ ಅದನ್ನು ತಾಯಿಗೆ ಓದಿ ಹೇಳಲಿಲ್ಲ.

ಆದರೆ ಆನೆಷ್ಕಾ ಬಿಡಲಿಲ್ಲ. "ನಮ್ಮೂರಿಗೆ ಯಾವಾಗ ಬರುತ್ತೆ?" ಎಂಬುದು ಅವಳ ಊಟದ ಜೊತೆಗಿನ ಪ್ರಶ್ನೆಯಾಯಿತು. ಒಂದು ದಿನ ಕಾರಣವನ್ನೂ ಹೇಳಿದಳು: "ನೋಡು ಲೋಯ್ಜಾ, ನಿಮ್ಮಪ್ಪನ್ನ ಮಣ್ಣು ಮಾಡೋಕೆ ನಂಗೆ ಸಿಗಲಿಲ್ಲ. ಇದು ಬಂದ್ರೆ ಊರೆಲ್ಲ ಒಂದು ಕಡೆ ಕೂತು ಅವರನ್ನ ನೋಡುತ್ತೆ. ಮುಗಿದ ಮೇಲೆ ನಾನು ಬಾಗಿಲಲ್ಲಿ ನಿಂತ್ಕೋತೀನಿ. ಬರೋರು ಬಂದು ಕೈ ಹಿಡೀಲಿ. ನಂಗೆ ಅಷ್ಟು ಸಾಕು."

ಆ ಮಾತು ಕುಬಾಲಾನ ಎದೆಯಲ್ಲಿ ಮೊಳೆಯಾಗಿ ಕೂತಿತು. ಅವನು ಡೇರಿಗೆ ರಜೆ ಹಾಕಿ ಕಚೇರಿಯಿಂದ ಕಚೇರಿಗೆ ಅಲೆದ, ಅರ್ಜಿ ಹಾಕಿದ, ಹಲ್ಲುಗಿಂಜಿದ. ಕೊನೆಗೆ ಎಪ್ಪತ್ತೊಂದನೆಯ ಇಸವಿಯ ವಸಂತದಲ್ಲಿ ಕಮ್ಯುನಿಸ್ಟ್ ಪಕ್ಷದ ಜಿಲ್ಲಾ ಸಮಿತಿಯ ಸಂಸ್ಕೃತಿ ಕಾರ್ಯದರ್ಶಿ ವೀಖೊದಿಲ್ ಅವನನ್ನು ಕರೆಸಿದ. ದುಂಡುಮುಖದ, ಮೃದು ಮಾತಿನ ಮನುಷ್ಯ. ಮೇಜಿನ ಮೇಲೆ ಕಾಫಿ ಇಟ್ಟುಕೊಂಡು ಕೂತಿದ್ದ.

"ಚಿತ್ರ ತರಿಸೋಣ ಕಾಮ್ರೇಡ್ ಕುಬಾಲಾ. ಮೂರು ದಿನ. ಏನಂತೀರಾ?"

ಕುಬಾಲಾನಿಗೆ ಕಿವಿಯನ್ನೇ ನಂಬಲಾಗಲಿಲ್ಲ.

"ಆದ್ರೆ ವಿಮರ್ಶೆ ನಮಗೆ ಬೇಕಾದ ಹಾಗೆ ಇರಬೇಕು."

"ಬರೀತೀನಿ," ಎಂದ ಕುಬಾಲಾ ತಕ್ಷಣ. ಒಳಗೆ ಕುಣಿದಾಡುವಂತಾಗಿತ್ತು. ಈ ಚಿತ್ರಕ್ಕೆಂದೇ ಎತ್ತಿಟ್ಟುಕೊಂಡಿದ್ದ ಬೈಗುಳಗಳು ಎಷ್ಟೋ ಇದ್ದವು. ಅವನ್ನು ಅಚ್ಚು ಹಾಕಿದರೆ ಹಳ್ಳಿಗಳಿಂದ ಬಸ್ಸು ಮಾಡಿಕೊಂಡು ಬರುತ್ತಾರೆ. "ಎಷ್ಟು ಕಟುವಾಗಿ ಬೇಕಾದ್ರೂ ಬರೀತೀನಿ ಕಾಮ್ರೇಡ್."

ವೀಖೊದಿಲ್ ನಕ್ಕ. "ನೀವು ಉಗಿದ್ರೆ ಸಾಲು ಬೇಕರಿ ತನಕ ಹೋಗುತ್ತೆ. ನಮಗೆ ಕಣ್ಣಿಲ್ಲ ಅಂದ್ಕೊಂಡ್ರಾ? ನಿಷೇಧ ಮಾಡಿದ್ರೆ ಅದಕ್ಕೆ ಕಿರೀಟ ಇಟ್ಟ ಹಾಗಾಗುತ್ತೆ, ಬೈದ್ರೂ ಅಷ್ಟೇ. ಈ ಸಲ ಹೊಗಳಿ. ಮನಸ್ಸು ಬಿಚ್ಚಿ ಹೊಗಳಿ. ಮೂರು ದಿನ ಖಾಲಿ ಕುರ್ಚಿಗೆ ತೋರಿಸ್ತೀವಿ. ಆಮೇಲೆ ಪ್ರೇಕ್ಷಕರಿಗೆ ಆಸಕ್ತಿಯಿಲ್ಲ ಅಂತ ಗೌರವವಾಗಿ ಡಬ್ಬಿಗೆ ಹಾಕ್ತೀವಿ."

"ಹೊಗಳದೇ ಇದ್ರೆ?"

"ಚಿತ್ರ ಬರೋದೇ ಇಲ್ಲ. ನಿಮ್ಮ ತಾಯಿ ಕಾಯ್ತಿದಾರೆ ಅಂತ ಕೇಳಿದೆ. ವಯಸ್ಸಾಗಿದೆ ಪಾಪ."

ಕುಬಾಲಾ ಮನೆಗೆ ಹೋಗುವ ದಾರಿಯಲ್ಲಿ ನದಿಯ ಸೇತುವೆಯ ಕಂಬಿ ಹಿಡಿದು ಬಹಳ ಹೊತ್ತು ನಿಂತ. ನೀರಿಗೆ ಹಾರುವ ಯೋಚನೆಯೇನೂ ಅಲ್ಲ, ಲೆಕ್ಕ ಹಾಕುತ್ತಿದ್ದ. ಬರೆಯದಿದ್ದರೆ ಚಿತ್ರವಿಲ್ಲ. ಬರೆದರೆ ಜನವಿಲ್ಲ. ಮನೆಯಲ್ಲಿ ತಾಯಿ, "ಏನಂದ್ರು?" ಎಂದಳು. "ಬರುತ್ತಂತಮ್ಮ" ಎಂದಾಗ ಆಕೆ ಏಪ್ರನ್ನಿನ ತುದಿಯನ್ನು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಳು. ಇನ್ನು ಬರೆಯದೆ ಇರುವುದು ಹೇಗೆ?

ಬರೆಯಲು ಕೂತಾಗ ಅವನಿಗೆ ಒಂದು ಹುಚ್ಚು ಆಸೆ ಹುಟ್ಟಿತು. ಇಷ್ಟು ವರ್ಷ ಹೊಗಳಿದ್ದೆಲ್ಲ ಸುಳ್ಳು ಹೊಗಳಿಕೆ, ಅದಕ್ಕೇ ಜನ ನಂಬಲಿಲ್ಲ. ಒಂದು ಸಲ ನಿಜವಾಗಿ ಹೊಗಳಿದರೆ? ಕಚೇರಿಯ ಒಂದು ಪದವನ್ನೂ ಸೇರಿಸದೆ, ಎದೆಯೊಳಗಿನದನ್ನು ಹಾಗೇ ಕಾಗದಕ್ಕೆ ಇಳಿಸಿದರೆ, ಓದುವವರಿಗೆ ವ್ಯತ್ಯಾಸ ತಿಳಿಯದೇ ಹೋಗುತ್ತದೆಯೇ? ಮನುಷ್ಯರಲ್ಲವೇ ಅವರು? ಅವನು ಹಾಗೆಯೇ ಬರೆದ. ಬೈಯುವಾಗ ಸರಾಗವಾಗಿ ಓಡುತ್ತಿದ್ದ ಕೈ ಈಗ ಒಂದೊಂದು ವಾಕ್ಯಕ್ಕೂ ಬೆವರಿತು.

ವೀಖೊದಿಲ್ ಅದನ್ನು ಎರಡು ಸಲ ಓದಿದ. ಕನ್ನಡಕ ತೆಗೆದು ಒರೆಸಿಕೊಂಡ. "ಚೆನ್ನಾಗಿ ಬರೀತೀರಿ ನೀವು. ನಂಗೆ ಗೊತ್ತಿರಲಿಲ್ಲ," ಎಂದ, ನಿಜವಾಗಿಯೇ. ಒಂದು ಪದವನ್ನೂ ಹೊಡೆದುಹಾಕಲಿಲ್ಲ. ಪೆನ್ನು ತೆಗೆದು ಕೊನೆಗೆ ಒಂದು ಸಾಲು ಸೇರಿಸಿದ, ಅಷ್ಟೇ: "ಜಿಲ್ಲಾ ಸಮಿತಿಯು ಈ ಚಿತ್ರವನ್ನು ಎಲ್ಲ ನಾಗರಿಕರಿಗೂ ಶಿಫಾರಸು ಮಾಡುತ್ತದೆ."

ಗುರುವಾರ ಸಂಜೆ ಕುಬಾಲಾ ಹೋಟೆಲಿನ ಬಿಯರ್ ಮೇಜಿಗೆ ಹೋದ. ಅವನನ್ನು ಕಂಡದ್ದೇ ರೋಸ್ತಿಸ್ಲಾವ್ ಗ್ಲಾಸು ಎತ್ತಿದ.

"ಬಾರಯ್ಯಾ ಶಿಫಾರಸುದಾರ! ಈ ವಾರ ಭಾರೀ ಬೆಣ್ಣೆ ಹಚ್ಚಿದ್ದೀಯಲ್ಲ, ಏನು ಕೊಟ್ರು?"

"ರೋಸ್ತ್ಯಾ, ಈ ಸಲ ಹಾಗಲ್ಲ. ಸಿನಿಮಾ ನಿಜವಾಗ್ಲೂ ಚೆನ್ನಾಗಿದೆ."

"ಸಮಿತಿಯವರೂ ಹಾಗೇ ಅಂತಾರೆ."

ಮೇಜಿನ ಸುತ್ತ ನಗು. ಕುಬಾಲಾ ತಗ್ಗಿದ ದನಿಯಲ್ಲಿ, "ನಿಜ ಹೇಳ್ತಿದೀನಿ ಕಣಯ್ಯ. ಹೊಗಳ್ಬೇಕು ಅಂತ ಅವರೇ ಕೂರಿಸಿ ಬರೆಸಿದ್ರು, ನೀವು ಯಾರೂ ಬರಬಾರದು ಅಂತ. ಆದ್ರೆ ನಾನು ಬರೆದಿದ್ದು ಸತ್ಯ," ಎಂದ.

"ಹೊಗಳಿಸಿದ್ದೂ ಅವರು, ಹೊಗಳಿದ್ದೂ ಸತ್ಯ, ನಾವು ಬರಬಾರದು ಅಂತ ಹೊಗಳಿಸಿದ್ರು, ಅದಕ್ಕೆ ನಾವು ಬರಬೇಕು." ರೋಸ್ತಿಸ್ಲಾವ್ ಬೆರಳು ಮಡಚಿ ಎಣಿಸಿದ. "ಮಾರಾಯ, ನಂಗೆ ತಲೆ ಇರೋದು ಕೂದಲು ಕತ್ತರಿಸೋವಷ್ಟು. ಸೀದಾ ಹೇಳು, ಯಾರು ಬರ್ತಾರೆ ಅಂತ ನೋಡಿ ಹೆಸರು ಬರ್ಕೊಳ್ಳೋಕೆ ನಿನ್ನನ್ನ ಕಳಿಸಿದಾರಾ?"

"ಅದು ನಮ್ಮಪ್ಪನ ಕಥೆ ಕಣೋ!" ಕುಬಾಲಾನ ದನಿ ಒಡೆಯಿತು. "ನಿಮ್ಮಣ್ಣಂದೂ ಇದೆ ಅದರಲ್ಲಿ."

ರೋಸ್ತಿಸ್ಲಾವ್ ಗ್ಲಾಸನ್ನು ಕೆಳಗಿಟ್ಟ. ಅವನ ಮುಖದಲ್ಲಿ ತಮಾಷೆ ಉಳಿದಿರಲಿಲ್ಲ.

"ಅದಕ್ಕೇ ನಾನು ಬರಲ್ಲ. ಮೊದಲು ಇದ್ದ ಸಿನಿಮಾ ಬೇರೆ ಇರಬಹುದು. ಈಗ ಸಮಿತಿ ಶಿಫಾರಸು ಮಾಡ್ತಿದೆ ಅಂದ್ರೆ ಅದನ್ನ ಕತ್ತರಿಸಿ ಹೊಲಿದು ಅವರಿಗೆ ಬೇಕಾದ ಹಾಗೆ ಮಾಡ್ಕೊಂಡಿದಾರೆ ಅಂತ ಅರ್ಥ. ಸಿರಿಲ್ ಅಂಕಲ್ ತಂದ ಕೊಬ್ಬು ನಮ್ಮನೆ ಬಾಣಲೆಗೂ ಬಿದ್ದಿದೆ ಲೋಯ್ಜಾ. ಅವರನ್ನೂ ಸಮಿತಿಗೆ ಮಾರಿಬಿಟ್ಯಾ? ಅದನ್ನ ನಾನು ಕೂತು ನೋಡ್ಬೇಕಾ? ಊರಲ್ಲಿ ಯಾರೂ ನೋಡಲ್ಲ."

ಕುಬಾಲಾ ಮನೆ ಮನೆ ಸುತ್ತಿದ. ಬೇಕರಿಯವಳು ಪಾಪ ಎಂಬ ಮುಖ ಮಾಡಿದಳು. ಶಾಲೆಯ ಮೇಷ್ಟ್ರು ಬಾಗಿಲು ಅರ್ಧ ತೆರೆದು, "ನನ್ನನ್ನ ಇದಕ್ಕೆಲ್ಲ ಎಳೀಬೇಡಿ" ಎಂದರು. ಬ್ಯಾಂಡಿನವರಲ್ಲಿ ಶಿಬಿರದಿಂದ ಬದುಕಿ ಬಂದಿದ್ದ ಒಬ್ಬನೇ ಮುದುಕ ಬಾಗಿಲು ತೆರೆಯಲೂ ಇಲ್ಲ. ಕಿಟಕಿಯಿಂದ, "ನಿಮ್ಮಪ್ಪನ ಹೆಸರು ಕೆಡಿಸಬೇಡ, ಹೋಗು" ಎಂದು ಕೂಗಿದ. ಹೇಳಿದಷ್ಟೂ ಜನರಿಗೆ ಅನುಮಾನ ಹೆಚ್ಚಾಯಿತು. ಇಷ್ಟು ಕಾಡಿ ಬೇಡುತ್ತಿದ್ದಾನೆ ಎಂದರೆ ಹಿಂದೆ ಯಾರೋ ಇದ್ದಾರೆ. ಕುಬಾಲಾನಿಗೆ ಕೂಗಿ ಅಳಬೇಕೆನಿಸಿತು. ಊರಿಗೆ ಉಲ್ಟಾ ಓದುವುದನ್ನು ಕಲಿಸಿದವರಲ್ಲಿ ತಾನೂ ಒಬ್ಬ. ಈಗ ಒಂದೇ ಒಂದು ಸಲ ನೆಟ್ಟಗೆ ಓದಿ ಎಂದರೆ ಯಾರಿಗೂ ಬರುತ್ತಿರಲಿಲ್ಲ.

ಮೊದಲ ಪ್ರದರ್ಶನ ಶುಕ್ರವಾರ ಸಂಜೆ. ಆನೆಷ್ಕಾ ಹಿಂದಿನ ದಿನವಿಡೀ ಒಲೆಯ ಮುಂದಿದ್ದಳು. ಶವಸಂಸ್ಕಾರಕ್ಕೆ ಬಂದವರಿಗೆ ಕೊಡುವ ಸಣ್ಣ ಸಿಹಿ ಬನ್ನುಗಳು ಎರಡು ಬುಟ್ಟಿ ತುಂಬಿದವು. "ಸಾಕು ಅಮ್ಮ" ಎಂದರೆ, "ಕಡಿಮೆ ಬಿದ್ರೆ ಮಾನ ಹೋಗುತ್ತೆ" ಎಂದಳು. ಕಪ್ಪು ಉಡುಪು ತೊಟ್ಟು, ಕಪ್ಪು ಶಾಲು ಹೊದ್ದು ಹೊರಟಳು. ದಾರಿಯಲ್ಲಿ ಜನ ಟೋಪಿ ತೆಗೆದರು, ಬೇಗ ಬೇಗ ಬೇರೆ ಓಣಿಗೆ ತಿರುಗಿದರು.

ಐದು ಟಿಕೆಟಾದರೂ ಹೋಗದಿದ್ದರೆ ಯಂತ್ರ ತಿರುಗಿಸುವಂತಿಲ್ಲ ಎಂಬುದು ಅಲ್ಲಿನ ನಿಯಮ. ಅದನ್ನು ಕುಬಾಲಾ ಮೊದಲೇ ಬಂದು ಸರಿಮಾಡಿ ಹೋಗಿದ್ದ. ಟಿಕೆಟ್ ಕೊಡುವ ಜ್ಬೊರ್ಷಿಲೋವಾ ಅವನ ಕಿವಿಯಲ್ಲಿ, "ಕುಬಾಲಾ ಅವ್ರೇ, ನೀವು ತಗೊಂಡಿದ್ದು ಬಿಟ್ರೆ ಒಂದೂ ಹೋಗಿಲ್ಲ. ಅಮ್ಮನ್ನ ಮನೆಗೆ ಕರ್ಕೊಂಡು ಹೋಗಿ, ಯಂತ್ರ ಕೆಟ್ಟಿದೆ ಅಂತೀನಿ" ಎಂದಳು.

"ಬೇಡ," ಎಂದ ಕುಬಾಲಾ. ಇನ್ನೂ ಯಾರಾದರೂ ಬರಬಹುದು ಎಂಬ ಆಸೆ ಸತ್ತಿರಲಿಲ್ಲ, ಅದೇ ಅವನ ಕರ್ಮ.

ಆನೆಷ್ಕಾ ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತಳು. ಸತ್ತವರ ಮನೆಯವರು ಮುಂದೆ ಕೂರಬೇಕು, ಹಿಂತಿರುಗಿ ಯಾರು ಬಂದರು ಎಂದು ನೋಡಬಾರದು. ಆಕೆ ತಿರುಗಿ ನೋಡಲೇ ಇಲ್ಲ. "ಜನ ಬರ್ತಿದಾರಾ?" ಎಂದು ಮೆಲ್ಲಗೆ ಕೇಳಿದಳು. ಅವನು, "ಬರ್ತಿದಾರೆ" ಎಂದ. ದೀಪ ಆರಿತು.

ತೆರೆಯ ಮೇಲೆ ದೊಡ್ಡ ಕೊಂಬು ಹೊತ್ತ, ಬಿಳಿ ಅಂಗಿಯ ಮನುಷ್ಯ ಧೂಳಿನ ದಾರಿಯಲ್ಲಿ ನಡೆದು ಬಂದ. ಆನೆಷ್ಕಾ ಮಗನ ಮೊಣಕೈ ಹಿಡಿದಳು. "ಇಷ್ಟು ಎತ್ತರ ಇರಲಿಲ್ಲ," ಎಂದಳು. ಸ್ವಲ್ಪ ಹೊತ್ತಿಗೆ, "ಆದ್ರೆ ನಡಿಗೆ ಹಾಗೇ ಇತ್ತು" ಎಂದಳು.

ಮೊದಲರ್ಧದಲ್ಲಿ ಆಕೆಗೆ ನಗು ತಡೆಯಲಾಗಲಿಲ್ಲ. ಕಾವಲಿನವನು ಕೊಂಬಿನ ಬಳಿ ಮೂಗು ತಂದು, ಹಸಿದವನ ಹಾಗೆ ಮೂಸುವಾಗ ಬಾಯಿ ಮುಚ್ಚಿಕೊಂಡು ಕುಲುಕಿದಳು. ಆಮೇಲೆ ಸುಮ್ಮನಾದಳು. "ಬೇರೆಯವರು ಯಾಕೆ ನಗ್ತಿಲ್ಲ ಲೋಯ್ಜಾ?"

"ಮರ್ಯಾದೆಗೆ ಅಮ್ಮ. ನೀನು ಇದ್ದೀಯಲ್ಲ."

"ಅಯ್ಯೋ, ನಗಬಹುದು ಅಂತ ಹೋಗಿ ಹೇಳು."

ಕುಬಾಲಾ ಎದ್ದು ಕತ್ತಲಲ್ಲಿ ಹಿಂದಕ್ಕೆ ನಡೆದ. ಖಾಲಿ ಕುರ್ಚಿಗಳ ಸಾಲು ಸಾಲು. ಹಿಂದಿನ ಬಾಗಿಲ ಬಳಿ ಜ್ಬೊರ್ಷಿಲೋವಾ ನಿಂತಿದ್ದಳು. ಅವನು ಕೊನೆಯ ಸಾಲಿನಲ್ಲಿ ಕೂತು ನಕ್ಕ. ಎದ್ದು ಇನ್ನೊಂದು ಮೂಲೆಗೆ ಹೋಗಿ, ದನಿ ದಪ್ಪ ಮಾಡಿ ಮತ್ತೆ ನಕ್ಕ. ಜ್ಬೊರ್ಷಿಲೋವಾ ಅರ್ಥ ಮಾಡಿಕೊಂಡು ತಾನೂ ನಕ್ಕಳು. ಮೇಲೆ ಕಿಂಡಿಯಿಂದ ಯಂತ್ರದವನೂ ಒಂದು ನಗು ಕಳಿಸಿದ. ಚೌಕದ ದೃಶ್ಯ ಬಂತು. ಕೊಂಬು ಗುಳ್ಳೆಯೂದಿತು, ತೆರೆಯ ಮೇಲಿನ ಜನ ಹೊಟ್ಟೆ ಹಿಡಿದು ನಕ್ಕರು, ಅವರ ಜೊತೆಗೆ ಕುಬಾಲಾನೂ ನಕ್ಕ, ಹದಿನಾರರಲ್ಲಿ ನಕ್ಕ ಅದೇ ನಗು. ತೆರೆಯ ಮೇಲೆ ಅಧಿಕಾರಿ ತಿರುಗಿ ನೋಡಿದ. ಆಮೇಲೆ ನಗಲು ಏನೂ ಉಳಿಯಲಿಲ್ಲ. ಅವನು ಕುರ್ಚಿಯ ಬೆನ್ನಿಗೆ ಹಣೆಯೊತ್ತಿ ಕೂತುಬಿಟ್ಟ.

ದೀಪ ಹತ್ತಿತು. ಆನೆಷ್ಕಾ ಕಣ್ಣೊರೆಸಿಕೊಂಡಳು, ಶಾಲು ಸರಿಮಾಡಿಕೊಂಡಳು, ಬಲಗೈಯ ಕೈಗವಸು ತೆಗೆದಳು, ಬರಿಗೈಯನ್ನು ಜನ ಹಿಡಿಯಬೇಕಲ್ಲ. ಆಮೇಲೆ ತಿರುಗಿದಳು.

ಖಾಲಿ ಕುರ್ಚಿಗಳನ್ನು ಒಂದೊಂದೇ ಸಾಲಾಗಿ ನೋಡಿದಳು. ಜ್ಬೊರ್ಷಿಲೋವಾ ಓಡಿಬಂದು ಆ ಕೈ ಹಿಡಿದು ಸಂತಾಪ ಹೇಳಿದಳು. ಯಂತ್ರದವನು ಇಳಿದುಬಂದು ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿ ಕೊಟ್ಟ. ಆನೆಷ್ಕಾ ಇಬ್ಬರಿಗೂ ಬುಟ್ಟಿಯಿಂದ ಬನ್ನು ಕೊಟ್ಟಳು. "ತುಂಬ ಇದೆ, ಮನೆಗೂ ತಗೊಳ್ಳಿ" ಎಂದಳು. ಆಮೇಲೆ ಮಗನ ಕಡೆ ತಿರುಗಿ, "ನೀನು ಬರೆದಿದ್ಯಲ್ಲ, ಅದು ಎಲ್ಲಿ? ಓದು" ಎಂದಳು.

ಗೋಡೆಯ ಮೇಲೆ, ಚಿತ್ರದ ಪೋಸ್ಟರಿನ ಪಕ್ಕ, ಅದನ್ನು ಅಂಟಿಸಿದ್ದರು. ಅವನು ಓದಿದ. "ಈ ಚಿತ್ರ ನಗಿಸುತ್ತದೆ ಎಂದು ಕೆಲವರು ಕೋಪಿಸಿಕೊಂಡಿದ್ದಾರೆ. ಅವರು ಆ ದಿನ ನಮ್ಮ ಚೌಕದಲ್ಲಿ ಇರಲಿಲ್ಲ. ನಾವಿದ್ದೆವು, ನಕ್ಕೆವು. ಪ್ರೀತಿಸುವವನನ್ನು ನೋಡಿ ನಗುವ ಹಾಗೆ ನಕ್ಕೆವು, ಅವನು ಅದಕ್ಕೆ ಸತ್ತ. ಅಂದಿನಿಂದ ಆ ನಗುವನ್ನು ನಾವು ಗಂಟಲಲ್ಲೇ ಇಟ್ಟುಕೊಂಡಿದ್ದೇವೆ. ಈ ಚಿತ್ರ ಅದನ್ನು ನಮಗೆ ವಾಪಸು ಕೊಡುತ್ತದೆ, ಅಳುವನ್ನೂ ಜೊತೆಗೆ ಕೊಡುತ್ತದೆ. ಬನ್ನಿ. ಒಟ್ಟಿಗೆ ಕೂತು ನೋಡೋಣ." ಕೊನೆಯ ಸಾಲನ್ನು ಅವನು ಓದಲಿಲ್ಲ.

"ಎಷ್ಟು ಚೆನ್ನಾಗಿ ಬರೆದಿದ್ದೀಯೋ," ಎಂದಳು ತಾಯಿ. ಮುಖ ಇನ್ನಷ್ಟು ಬಿಳಿಚಿತ್ತು. "ಇಷ್ಟು ಚೆನ್ನಾಗಿ ಕರೆದ್ರೂ ಬರಲಿಲ್ಲ ಅಂದ್ರೆ, ಊರಿಗೆ ನಿಮ್ಮಪ್ಪನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ."

"ಇಲ್ಲಮ್ಮ! ಸಿಟ್ಟಲ್ಲ. ನಾನು ಬರೆದಿದ್ದಕ್ಕೇ ಬರಲಿಲ್ಲ. ನಾನು ಹೊಗಳಿದ್ರೆ ಈ ಊರಲ್ಲಿ ಯಾರೂ ನಂಬಲ್ಲ, ಬೈದ್ರೇ ಬರೋದು. ಅವರಿಗೆ ಅಪ್ಪನ ಮೇಲೆ ಪ್ರೀತಿ, ಅದಕ್ಕೇ ಬರಲಿಲ್ಲ."

"ಪ್ರೀತಿ ಇದ್ದಿದ್ದಕ್ಕೆ ಬರಲಿಲ್ವಾ?" ಆನೆಷ್ಕಾ ಅವನ ಕೆನ್ನೆ ಮುಟ್ಟಿದಳು. "ನೀನು ಹೇಳಿದ್ಮೇಲೆ ಮುಗೀತು, ಜನ ಹೋಗ್ತಾರೆ ಅಂತ ನೀನೇ ಅಂದಿದ್ದೆ. ನನ್ನ ಸಮಾಧಾನಕ್ಕೆ ಇಲ್ಲದ್ದನ್ನೆಲ್ಲ ಕಟ್ಬೇಡ ಕಂದ. ಅವರು ನಕ್ಕಿದ್ದಕ್ಕೆ ನಾನು ಯಾವತ್ತೂ ಅವರನ್ನ ದೂರಲಿಲ್ಲ, ಅದನ್ನ ಒಬ್ಬೊಬ್ಬರ ಕೈ ಹಿಡಿದು ಹೇಳ್ಬೇಕು ಅಂತಿದ್ದೆ. ಇನ್ನೇನಿಲ್ಲ."

ಹೊರಗೆ ಚೌಕದಲ್ಲಿ ರೋಸ್ತಿಸ್ಲಾವ್ ಅಂಗಡಿಯ ಬಾಗಿಲು ಹಾಕುತ್ತಿದ್ದ. ಕುಬಾಲಾ ತಾಯಿಯ ತೋಳು ಹಿಡಿದು ಬಹುತೇಕ ಎಳೆದುಕೊಂಡೇ ಹೋದ.

"ರೋಸ್ತ್ಯಾ, ನಿನ್ನ ಕಾಲಿಗೆ ಬೀಳ್ತೀನಿ. ನೀನು ಯಾಕೆ ಬರಲಿಲ್ಲ ಅಂತ ಅಮ್ಮಂಗೆ ಹೇಳು. ನಿನ್ನೆ ನಂಗೆ ಹೇಳಿದ್ದನ್ನೇ ಹೇಳು."

ರೋಸ್ತಿಸ್ಲಾವ್ ಟೋಪಿ ತೆಗೆದ. ಮುದುಕಿಯ ಕಪ್ಪು ಉಡುಪು ನೋಡಿದ, ಬುಟ್ಟಿ ನೋಡಿದ. ಅವನ ಕಣ್ಣು ತುಂಬಿತು. ಹೇಳಲೆಂದು ಬಾಯಿ ತೆರೆದ. ಆಗ ಅವರ ಬೆನ್ನ ಹಿಂದೆ ಚಿತ್ರಮಂದಿರದ ಮೆಟ್ಟಿಲ ಮೇಲೆ ಕಾರ್ಯದರ್ಶಿ ವೀಖೊದಿಲ್ ಕಾಣಿಸಿಕೊಂಡ, ಟಿಕೆಟ್ಟಿನ ಲೆಕ್ಕ ಕೇಳಿಕೊಂಡು ಹೋಗಲು ಬಂದವನು. ಅಲ್ಲಿಂದಲೇ ಮೂವರಿಗೂ ಕೈ ಬೀಸಿ, ಸಿಗರೇಟು ಹಚ್ಚಿ ನಿಂತ. ಮಾತು ಕೇಳಿಸುವಷ್ಟು ಹತ್ತಿರದಲ್ಲಿದ್ದ.

"ಮೈ ಹುಷಾರಿರಲಿಲ್ಲಮ್ಮ," ಎಂದ ರೋಸ್ತಿಸ್ಲಾವ್.

"ಇರಲಿ ಬಿಡಪ್ಪ," ಎಂದಳು ಆನೆಷ್ಕಾ. "ನಿಮ್ಮಣ್ಣ ಹೋಗಿದ್ದು ನಮ್ಮಿಂದಲೇ ತಾನೇ. ನಂಗೆ ಗೊತ್ತಾಗುತ್ತೆ."

ಅವನು ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ ನಿಂತ. ಕುಬಾಲಾ ಅವನ ಮುಖವನ್ನೇ ನೋಡುತ್ತಿದ್ದ, ಒಂದು ಮಾತು, ಒಂದೇ ಒಂದು ಮಾತು ಎಂದು ಕ್ಷಣ ಕ್ಷಣವೂ ಬೇಡುತ್ತಿದ್ದ. ತಾಯಿ ಅವನ ತೋಳು ಜಗ್ಗಿದಳು.

"ಬೇಗ ನಡಿ ಮಗಾ," ಎಂದು ಪಿಸುಗುಟ್ಟಿದಳು. "ನಾವು ಇಲ್ಲಿ ನಿಂತ್ರೆ ಪಾಪ ಅವನಿಗೆ ಮುಜುಗರ."